ಅದು, ಅದಕ್ಕೆ: ಸಿನಿಮಾದ ರಾಕ್ಷಸನ ಮೇಲೆ ಹುಟ್ಟಿದ ತಾಯ್ತನದ ಒಂದು ಪ್ರಕರಣ

"ಅಯ್ಯೋ, ತೇಲುತ್ತೆ ಅಂದ್ಕೊಂಡಿತ್ತು ಅದು."

ಈ ಒಂದು ಮಾತಿಗಾಗಿ ಇಷ್ಟುದ್ದ ಬರೆಯುತ್ತಿದ್ದೇನೆ. ಮಾತು ನನ್ನ ಗೆಳತಿಯದು. ‘ಅದು’ ಅಂದದ್ದು 1931ರ ‘ಫ್ರಾಂಕನ್‌ಸ್ಟೈನ್’ ಚಿತ್ರದ ರಾಕ್ಷಸನಿಗೆ. ಒಂದು ಪುಟ್ಟ ಹುಡುಗಿಯನ್ನು ಅವನು ಆಗಷ್ಟೇ ಎತ್ತಿ ನೀರಿಗೆ ಎಸೆದಿದ್ದ. ಗೆಳತಿಗೂ ಹೆಚ್ಚುಕಮ್ಮಿ ಅದೇ ವಯಸ್ಸಿನ ಮಗಳಿದ್ದಾಳೆ. ಆ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ನಿದ್ದೆ ಹೋಗಿದ್ದಳು. ನ್ಯಾಯವಾಗಿ ಕರುಳು ಚುರುಕ್ ಅನ್ನಬೇಕಾದದ್ದು ಮುಳುಗಿದ ಹುಡುಗಿಗಾಗಿ. ಅಂದಿತು ಕೂಡ, ಆದರೆ ಒಂದು ಕ್ಷಣ ತಡವಾಗಿ. ಮೊದಲು ಮಿಡಿದದ್ದು ಎಸೆದವನಿಗಾಗಿ.

ಪ್ರಕರಣ ಅಧ್ಯಯನ ಅಂದಮೇಲೆ ವ್ಯಕ್ತಿಯ ವಿವರ ಕೊಡಬೇಕು. ವಯಸ್ಸು ನಲವತ್ತರ ಹತ್ತಿರ. ವೃತ್ತಿಯಲ್ಲಿ ಲೆಕ್ಕಪರಿಶೋಧಕಿ, ಕಾಗದ ನೋಡದೆ ಯಾರ ಮಾತನ್ನೂ ನಂಬುವವಳಲ್ಲ. ನಾಯಕ ಸಾಯುವ ದೃಶ್ಯ ಬಂದರೆ ಮೊಬೈಲ್ ತೆಗೆಯುತ್ತಾಳೆ. ಎಳೆಗೂಸು ಕಂಡ ತಕ್ಷಣ ಎತ್ತಿಕೊಂಡು ಮುದ್ದಾಡುವ ಪೈಕಿಯೂ ಅಲ್ಲ. ಮೊದಲ ಆರು ತಿಂಗಳು ಮಗಳು ತನಗೆ ‘ಒಂದು ಕೆಲಸ’ವಾಗಿದ್ದಳು, ಆಮೇಲೆ ನಿಧಾನಕ್ಕೆ ಮಗಳಾದಳು ಅಂತ ಅವಳೇ ಹೇಳಿದ್ದುಂಟು. ಹಾಗಾಗಿ ‘ಹೆಂಗರುಳು, ಏನು ಕಂಡರೂ ಕರಗುತ್ತೆ’ ಎಂಬ ಸುಲಭದ ವಿವರಣೆ ಇಲ್ಲಿ ನಡೆಯುವುದಿಲ್ಲ.

ದೂರು ತಂದವಳೂ ಅವಳೇ. "ನಂಗೇನೋ ಆಗಿದೆ ಕಣೋ. ದೆವ್ವದ ಸಿನಿಮಾ ನೋಡಿದ್ರೆ ದೆವ್ವಕ್ಕೆ ಸ್ವೆಟರ್ ಹಾಕ್ಬೇಕು ಅನ್ಸತ್ತೆ." ಇಬ್ಬರೂ ನಕ್ಕೆವು. ಆಮೇಲೆ ಅವಳು ನಗದೆ ಕೇಳಿದಳು: ಇದು ತಪ್ಪಾ? ಸತ್ತವರನ್ನು ಬಿಟ್ಟು ಕೊಂದವರ ಕಡೆ ಮನಸ್ಸು ಯಾಕೆ ಹೋಗುತ್ತೆ?

ನಾಲ್ಕು ಶನಿವಾರ ರಾತ್ರಿ ಕೂತು ಸಿನಿಮಾ ನೋಡಿದೆವು. ಅವಳು ಪರದೆ ನೋಡಿದಳು, ನಾನು ಅವಳನ್ನು. ತೊಡೆಯ ಮೇಲೆ ಒಂದು ನೋಟ್‌ಬುಕ್ ಇಟ್ಟುಕೊಂಡು ಅವಳ ಬಾಯಿಂದ ಬಿದ್ದದ್ದನ್ನೆಲ್ಲ ಗೀಚಿಕೊಂಡೆ.

ಅಳತೆಗೋಲು ಸಿಕ್ಕಿದ್ದು

ಮೊದಲ ರಾತ್ರಿಯ ಟಿಪ್ಪಣಿ ತಿರುವಿಹಾಕುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಚಿತ್ರ ಶುರುವಾದಾಗ ಅವಳು ರಾಕ್ಷಸನನ್ನು ‘ಅವನು’ ಅನ್ನುತ್ತಿದ್ದಳು. "ಯಾವಾಗ ಬರ್ತಾನೆ ಅವನು?" "ಎಷ್ಟು ಎತ್ತರ ಇದ್ದಾನೆ." ಇದ್ದಕ್ಕಿದ್ದಂತೆ ಒಂದು ಕಡೆ ‘ಅವನು’ ಹೋಗಿ ‘ಅದು’ ಬಂದಿದೆ. ವಸ್ತುವಿಗೆ ಅನ್ನುವ ‘ಅದು’ ಇರಬಹುದೇ ಅಂದುಕೊಂಡೆ. ಅಲ್ಲ. ಕನ್ನಡದಲ್ಲಿ ಕಲ್ಲೂ ‘ಅದು’, ಮಗುವೂ ‘ಅದು’. ‘ಮಗು ಬಂದನು’ ಅನ್ನುವುದಿಲ್ಲ, ‘ಮಗು ಬಂತು’ ಅನ್ನುತ್ತೇವೆ. ಇವೆರಡು ‘ಅದು’ಗಳ ವ್ಯತ್ಯಾಸ ತಿಳಿಯುವುದು ವಿಭಕ್ತಿಯಲ್ಲಿ. ಕಲ್ಲಿಗೆ ಹಸಿವಾಗುವುದಿಲ್ಲ. ‘ಅದಕ್ಕೆ ಚಳಿ’, ‘ಅದಕ್ಕೆ ಹೆದರಿಕೆ’, ‘ಅದಕ್ಕೆ ಗೊತ್ತಿಲ್ಲ’ ಎಂದು ಚತುರ್ಥಿ ಹಾಕಿದ ಗಳಿಗೆಯಲ್ಲಿ ಎದುರಿಗಿರುವುದು ಮಗುವಾಗಿಬಿಟ್ಟಿರುತ್ತದೆ. ಅವಳಿಗೇ ಅರಿವಿಲ್ಲದೆ ಅವಳ ವ್ಯಾಕರಣ ಸಾಕ್ಷಿ ಹೇಳುತ್ತಿತ್ತು. ಅಲ್ಲಿಂದ ಮುಂದೆ ನಾನು ಸರ್ವನಾಮಗಳನ್ನು ಮಾತ್ರ ಲೆಕ್ಕ ಹಾಕಿದೆ.

‘ಅದಕ್ಕೆ’ ಮೊದಲು ಬಂದದ್ದು ಬೆಳಕಿನ ದೃಶ್ಯದಲ್ಲಿ. ಹೆಣದ ತುಂಡುಗಳಿಂದ ರಾಕ್ಷಸನನ್ನು ಕಟ್ಟಿ ಕತ್ತಲಲ್ಲಿಟ್ಟಿದ್ದ ವಿಜ್ಞಾನಿ ಮೇಲ್ಛಾವಣಿಯ ಕಿಂಡಿ ತೆರೆಯುತ್ತಾನೆ. ಕುರ್ಚಿಯಲ್ಲಿದ್ದ ಆ ದೇಹ ಮುಖವೆತ್ತಿ ನಿಧಾನಕ್ಕೆ ಏಳುತ್ತದೆ, ಬೆಳಕನ್ನು ಹಿಡಿಯಲು ಎರಡೂ ಕೈ ಚಾಚುತ್ತದೆ. ಕಿಂಡಿ ಮುಚ್ಚಿಕೊಳ್ಳುತ್ತದೆ. ಕೈಗಳು ವಿಜ್ಞಾನಿಯ ಕಡೆ ತಿರುಗುತ್ತವೆ, ಅಂಗೈ ಮೇಲಾಗಿ. ಮಾತಿಲ್ಲ. ಗೆಳತಿ ಅಂದಳು: "ಅದಕ್ಕೆ ಅದು ಬೇಕಂತೆ. ಕೊಡ್ಬಾರ್ದಾ?" ಆಡಲು ಕೊಟ್ಟ ಬೀಗದ ಕೈಯನ್ನು ಕಿತ್ತುಕೊಂಡಾಗ ಹತ್ತು ತಿಂಗಳ ಕೂಸು ಕೈಯನ್ನು ಹೀಗೇ ಚಾಚುತ್ತದೆ.

ಸ್ವಲ್ಪ ಹೊತ್ತಿಗೆ ಸೇವಕ ಪಂಜು ಹಿಡಿದು ಬರುತ್ತಾನೆ, ಹೆದರಿದ ಪ್ರಾಣಿಯನ್ನು ಬೆಂಕಿಯಿಂದ ಕೆಣಕುತ್ತಾನೆ. ಅವಳು ಏನೂ ಅನ್ನಲಿಲ್ಲ. ಸೋಫಾದ ದಿಂಬನ್ನು ಮಡಿಲಿಗೆಳೆದುಕೊಂಡಳು.

ಕತ್ತರಿಯ ಕೆಲಸ

ಈಗ ನಾನು ಮಾಡಿದ ಒಂದು ಮೋಸ ಹೇಳಬೇಕು. ಕೊಳದ ದೃಶ್ಯ ಎರಡು ರೂಪದಲ್ಲಿ ಬದುಕಿದೆ. ಜೇಮ್ಸ್ ವೇಲ್ ನಿರ್ದೇಶಿಸಿದ ಮೂಲದಲ್ಲಿ ಮರಿಯಾ ಎಂಬ ಹುಡುಗಿ ಕೊಳದ ದಡದಲ್ಲಿ ಒಬ್ಬಳೇ ಇದ್ದಾಳೆ. ಎಲ್ಲರೂ ಕಿರುಚಿ ಓಡುವ ಜೀವಿಯನ್ನು ಕಂಡು ಅವಳು ಓಡುವುದಿಲ್ಲ, ಕೈ ಹಿಡಿದು ಕರೆತಂದು ಹೂವು ಕೊಡುತ್ತಾಳೆ. ಹೂಗಳನ್ನು ಒಂದೊಂದಾಗಿ ನೀರಿಗೆ ಎಸೆದು ದೋಣಿಯ ಹಾಗೆ ತೇಲಿಸುತ್ತಾಳೆ. ರಾಕ್ಷಸನೂ ಎಸೆಯುತ್ತಾನೆ, ತೇಲಿದ್ದು ಕಂಡು ನಗುತ್ತಾನೆ. ಹೂವು ಮುಗಿಯುತ್ತದೆ. ಅವನು ತನ್ನ ಖಾಲಿ ಕೈ ನೋಡಿಕೊಳ್ಳುತ್ತಾನೆ. ಆಮೇಲೆ ಹುಡುಗಿಯನ್ನು ನೋಡುತ್ತಾನೆ. ಎತ್ತಿ ಎಸೆಯುತ್ತಾನೆ. ಅವಳು ತೇಲುವುದಿಲ್ಲ. ಅವನು ನೀರಿನ ಕಡೆ ಕೈ ಚಾಚಿ, ಏನಾಯಿತೆಂದು ತಿಳಿಯದೆ, ತಡವರಿಸಿ ಪೊದೆಗಳ ಕಡೆ ಓಡುತ್ತಾನೆ.

ಇದು ತೀರಾ ಕ್ರೂರವಾಯಿತೆಂದು ಸೆನ್ಸಾರಿನವರು ಎಸೆಯುವ ಭಾಗವನ್ನು ಕತ್ತರಿಸಿದರು. ದಶಕಗಳ ಕಾಲ ಜನ ನೋಡಿದ ಪ್ರತಿಯಲ್ಲಿ ರಾಕ್ಷಸ ಹುಡುಗಿಯ ಕಡೆ ಕೈ ಚಾಚುವಲ್ಲಿಗೆ ದೃಶ್ಯ ನಿಲ್ಲುತ್ತಿತ್ತು. ಮತ್ತೆ ನಾವು ಅವಳನ್ನು ಕಾಣುವುದು ಅಪ್ಪನ ತೋಳುಗಳಲ್ಲಿ, ಹೆಣವಾಗಿ. ನಡುವೆ ಆದದ್ದನ್ನು ನೋಡುಗರ ಕಲ್ಪನೆಗೆ ಬಿಟ್ಟಾಯಿತು, ಕಲ್ಪನೆ ಎಲ್ಲಿಗೆ ಹೋಗುತ್ತದೆಂದು ಹೇಳಬೇಕಾಗಿಲ್ಲ. ಮೃದುಗೊಳಿಸಲು ಹೋದ ಕತ್ತರಿ ಇನ್ನೂ ಹೊಲಸನ್ನು ಹುಟ್ಟಿಸಿತು. ಕಳೆದುಹೋದ ಆ ತುಣುಕು ಚಿತ್ರಕ್ಕೆ ಮರಳಿದ್ದು 1980ರ ದಶಕದಲ್ಲಿ.

ಮೊದಲ ಶನಿವಾರ ನಾನು ರಿಮೋಟ್ ಹಿಡಿದು ಸೆನ್ಸಾರಿನ ಕೆಲಸ ಮಾಡಿದೆ. ಕೈ ಚಾಚಿದಲ್ಲಿಂದ ನೇರ ಅಪ್ಪನ ದೃಶ್ಯಕ್ಕೆ ಹಾರಿಸಿದೆ. ಮದುವೆಯ ಸಂಭ್ರಮದಲ್ಲಿ ಕುಣಿಯುತ್ತಿರುವ ಜನರ ನಡುವೆ ಅವನು ಮಗಳನ್ನು ಹೊತ್ತು ನಡೆದು ಬರುತ್ತಾನೆ, ಹಾದುಹೋದ ಕಡೆಯೆಲ್ಲ ಕುಣಿತ ನಿಲ್ಲುತ್ತದೆ. ಗೆಳತಿಯ ಮುಖ ಬಿಗಿಯಿತು. "ಏನ್ ಮಾಡ್ದ ಅವನು ಆ ಮಗೂಗೆ?"

‘ಅವನು’ ವಾಪಸ್ ಬಂದಿದ್ದ. ಕೊನೆಯಲ್ಲಿ ಊರವರು ಗಾಳಿಗಿರಣಿಗೆ ಬೆಂಕಿ ಹಚ್ಚಿ ರಾಕ್ಷಸನನ್ನು ಸುಡುವಾಗಲೂ ಅವಳು ಕಣ್ಣು ಮಿಟುಕಿಸದೆ ನೋಡಿದಳು. ನಾನು ಮಾಡಿದ ಮೋಸವನ್ನು ಆಗ ಬಾಯಿಬಿಡಲಿಲ್ಲ.

ನಡುವಿನ ಎರಡು ರಾತ್ರಿ

ಎರಡನೆಯ ಶನಿವಾರ ಬೇಗ ಮುಗಿಸುತ್ತೇನೆ, ಯಾಕೆಂದರೆ ಹೆಚ್ಚೇನೂ ಆಗಲಿಲ್ಲ. 1931ರದೇ ‘ಡ್ರಾಕುಲಾ’ಗೆ ಅವಳಿಂದ ಆಕಳಿಕೆ. "ಇವನಿಗೆ ಎಲ್ಲಾ ಗೊತ್ತು, ಗೊತ್ತಿದ್ದೇ ಮಾಡ್ತಾನೆ." 1933ರ ‘ಕಿಂಗ್ ಕಾಂಗ್’ ಸ್ವಲ್ಪ ತಟ್ಟಿತು. ಎಂಪೈರ್ ಸ್ಟೇಟ್ ಕಟ್ಟಡದ ತುದಿಯಲ್ಲಿ ಗುಂಡು ತಗುಲಿದ ದೈತ್ಯ ವಾನರ ಕಾಂಗ್ ಎದೆ ಮುಟ್ಟಿ, ಬೆರಳಿಗಂಟಿದ ರಕ್ತ ನೋಡಿಕೊಳ್ಳುವಾಗ "ಪಾಪ" ಅಂದಳು. ಪಾಪ ಮಾಡಿದವನನ್ನು ಕಂಡೂ ‘ಪಾಪ’ ಅನ್ನುವ ಭಾಷೆ ನಮ್ಮದು, ಇರಲಿ. ಆದರೆ ಕಾಂಗ್ ಕೊನೆಯವರೆಗೂ ‘ಅವನು’. ಯಾಕೆ ಅಂದಾಗ ಉತ್ತರ ಥಟ್ಟನೆ ಬಂತು: "ಅವನಿಗೆ ಆ ಹೀರೋಯಿನ್ ಬೇಕು. ಅದು ಬೇರೆ." ಕನಿಕರಕ್ಕೂ ತಾಯ್ತನಕ್ಕೂ ನಡುವಿನ ಗೆರೆಯನ್ನು ಇದಕ್ಕಿಂತ ಚುಟುಕಾಗಿ ಎಳೆಯಲು ನನಗೆ ಬರುವುದಿಲ್ಲ.

ಮೂರನೆಯ ರಾತ್ರಿ ‘ಏಲಿಯೆನ್’ ಸರಣಿ. 1979ರ ಮೊದಲ ಚಿತ್ರದ ಅನ್ಯಗ್ರಹ ಜೀವಿ ಉದ್ದಕ್ಕೂ ‘ಅದು’, ಆದರೆ ಕಲ್ಲಿನ ‘ಅದು’: "ಬಂತು, ಬಂತು, ಹಿಂದೆ ಇದೆ." ಒಂದು ‘ಅದಕ್ಕೆ’ಯೂ ಇಲ್ಲ. 1986ರ ‘ಏಲಿಯೆನ್ಸ್’ನಲ್ಲಿ ಆ ಜೀವಿಗಳ ಮೊಟ್ಟೆಯಿಡುವ ರಾಣಿ ಬರುತ್ತಾಳೆ. ನಾಯಕಿ ರಿಪ್ಲಿ ತೋಳಲ್ಲಿ ಒಂದು ಅನಾಥ ಹುಡುಗಿಯನ್ನು ಹಿಡಿದುಕೊಂಡೇ ರಾಣಿಯ ಮೊಟ್ಟೆಗಳನ್ನು ಸುಡುತ್ತಾಳೆ. ಗೆಳತಿ ರಾಣಿಗೆ ‘ಅವಳು’ ಅಂದಳು: "ಅವಳಿಗೂ ಹೊಟ್ಟೆ ಉರಿದಿರತ್ತೆ." ಒಬ್ಬ ತಾಯಿ ಇನ್ನೊಬ್ಬ ತಾಯಿಗೆ ಕೊಡುವ ಮರ್ಯಾದೆ ಅದು. ಎತ್ತಿಕೊಳ್ಳುವ ಆಸೆ ಅದರಲ್ಲಿಲ್ಲ.

ನನಗೆ ಅನಿರೀಕ್ಷಿತವಾದದ್ದು 1997ರ ‘ಏಲಿಯೆನ್ ರೆಸರೆಕ್ಷನ್’. ಒಟ್ಟಾರೆ ಸಡಿಲವಾದ ಚಿತ್ರ ಅಂತಲೇ ನನ್ನ ಅಭಿಪ್ರಾಯ. ಅದರ ಕೊನೆಯಲ್ಲಿ ಹುಟ್ಟುವ ಅರೆಮಾನವ ಮರಿ ನೋಡಲು ಅಸಹ್ಯ: ತಲೆಬುರುಡೆಯಂಥ ಮುಖ, ಜೋಲುವ ಚರ್ಮ, ಅದರೊಳಗೆ ಮನುಷ್ಯರ ಕಣ್ಣು. ಹೆತ್ತ ರಾಣಿಯನ್ನೇ ಕೊಂದು, ರಿಪ್ಲಿಯನ್ನು ತಾಯಿ ಅಂತ ಆರಿಸಿಕೊಳ್ಳುತ್ತದೆ. ಮನುಷ್ಯರನ್ನೂ ಕೊಲ್ಲುತ್ತದೆ. ರಿಪ್ಲಿ ಅದನ್ನು ಸವರುತ್ತ ನಿಂತು, ತನ್ನ ಆಮ್ಲದಂಥ ರಕ್ತವನ್ನು ನೌಕೆಯ ಕಿಟಕಿಗೆ ಎರಚುತ್ತಾಳೆ. ಗಾಜು ಕರಗಿ ಬಿದ್ದ ತೂತಿನತ್ತ ಮರಿ ಎಳೆದುಕೊಂಡು ಹೋಗುತ್ತದೆ, ಚೂರುಚೂರಾಗಿ, ರಿಪ್ಲಿಯ ಮುಖ ನೋಡುತ್ತ, ಚೀರುತ್ತ. ಗೆಳತಿ ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಲೋಟ ಒಣಗಿಯೇ ಇತ್ತು. "ಅದು ಅವಳನ್ನ ಕರೀತಿತ್ತು. ಅದಕ್ಕೆ ಅವಳೇ ಹೀಗೆ ಮಾಡಿದ್ದು ಅಂತಾನೂ ಗೊತ್ತಾಗ್ಲಿಲ್ಲ."

ಕೊಳದ ರಾಕ್ಷಸನ ಬಗ್ಗೆಯೂ ಈ ಮರಿಯ ಬಗ್ಗೆಯೂ ಅವಳ ಮಾತಿನ ಸಾರ ಒಂದೇ: ಗೊತ್ತಿಲ್ಲ. ಅದಕ್ಕೆ ಗೊತ್ತಿಲ್ಲ.

ಮುದ್ದು ಮುಖವಲ್ಲ

ಮಕ್ಕಳ ಮೇಲೆ ಯಾಕೆ ಅಕ್ಕರೆ ಹುಟ್ಟುತ್ತದೆ ಎಂಬುದಕ್ಕೆ ಪ್ರಾಣಿವರ್ತನಾ ವಿಜ್ಞಾನಿ ಕೊನ್ರಾಡ್ ಲೊರೆನ್ಜ್ 1943ರಲ್ಲಿ ಒಂದು ಉತ್ತರ ಕೊಟ್ಟಿದ್ದ. ದೇಹಕ್ಕೆ ಹೋಲಿಸಿದರೆ ದೊಡ್ಡ ತಲೆ, ಉಬ್ಬಿದ ಹಣೆ, ಮುಖದಲ್ಲಿ ಕೆಳಗೆ ಕೂತ ದೊಡ್ಡ ಕಣ್ಣು, ತುಂಬಿದ ಕೆನ್ನೆ, ಗಿಡ್ಡ ಕೈಕಾಲು. ಈ ಆಕಾರ ಕಂಡರೆ ಸಾಕು, ಆರೈಕೆಯ ಪ್ರವೃತ್ತಿ ಏಳುತ್ತದೆ, ಅದು ನಾಯಿಮರಿಯಾದರೂ ಗೊಂಬೆಯಾದರೂ. 2008ರ ಒಂದು ಪ್ರಯೋಗದಲ್ಲಿ ಪರಿಚಯವೇ ಇಲ್ಲದ ಶಿಶುಗಳ ಮುಖ ತೋರಿಸಿದಾಗ ನೋಡಿದವರ ಮಿದುಳಿನ ಮುಂಭಾಗದ ಒಂದು ಜಾಗ ಸೆಕೆಂಡಿನ ಸುಮಾರು ಏಳನೇ ಒಂದು ಭಾಗದೊಳಗೆ ಚುರುಕಾಯಿತು. ದೊಡ್ಡವರ ಮುಖಕ್ಕೆ ಹಾಗಾಗಲಿಲ್ಲ. 1982ರ ‘ಇ.ಟಿ.’ ಚಿತ್ರದ ಅನ್ಯಗ್ರಹ ಜೀವಿಯನ್ನು ಅಪ್ಪಿಕೊಳ್ಳಬೇಕೆನಿಸುವುದರಲ್ಲಿ ಆ ಅಗಲ ಕಣ್ಣುಗಳ ಪಾಲು ದೊಡ್ಡದು.

ಆದರೆ ನಮ್ಮ ಪ್ರಕರಣಕ್ಕೆ ಈ ಬೀಗದ ಕೈ ಹೊಂದುವುದಿಲ್ಲ. ಪ್ರಸಾಧನಕಾರ ಜ್ಯಾಕ್ ಪಿಯರ್ಸ್ ಮತ್ತು ನಟ ಬೋರಿಸ್ ಕಾರ್ಲಾಫ್ ಸೇರಿ ಕಟ್ಟಿದ ಮುಖ ಲೊರೆನ್ಜ್‌ನ ಪಟ್ಟಿಯನ್ನು ಹಿಂದುಮುಂದು ಮಾಡಿದಂತಿದೆ. ಚಪ್ಪಟೆ ನೆತ್ತಿ, ಮುಂದಕ್ಕೆ ಚಾಚಿದ ಹುಬ್ಬು, ಮೇಣ ಮೆತ್ತಿ ಅರೆಮುಚ್ಚಿದ ರೆಪ್ಪೆ. ಕೆನ್ನೆ ಇನ್ನಷ್ಟು ಗುಳಿ ಬೀಳಲೆಂದು ಕಾರ್ಲಾಫ್ ತನ್ನ ಕಟ್ಟಿಸಿದ ಹಲ್ಲನ್ನೇ ತೆಗೆದಿಟ್ಟಿದ್ದ. ಆಗ ಅವನಿಗೆ 43 ದಾಟಿತ್ತು. ಇದನ್ನು ಮುದ್ದು ಅನ್ನಲು ಬಹಳ ಔದಾರ್ಯ ಬೇಕು.

ಮಗು ಇರುವುದು ಮುಖದಲ್ಲಲ್ಲ, ಮೈಯಲ್ಲಿ. ದಪ್ಪ ಅಡಿಯ ಭಾರದ ಬೂಟಿನಲ್ಲಿ ಅವನು ನಡೆಯುವುದು ಈಗಷ್ಟೇ ನಿಲ್ಲಲು ಕಲಿತ ಕೂಸಿನ ಹಾಗೆ: ಕಾಲು ಅಗಲ, ಕೈ ಮುಂದೆ, ಪ್ರತಿ ಹೆಜ್ಜೆಯೂ ಬೀಳುವುದನ್ನು ತಪ್ಪಿಸಿಕೊಂಡ ಹೆಜ್ಜೆ. ಮಾತು ಬಾರದು. ಬೆಂಕಿ ಸುಡುತ್ತದೆಂದು ಸುಟ್ಟಮೇಲೆ ಗೊತ್ತು. ಮರಿಯಾಳಿಗಿಂತ ಚಿಕ್ಕವನು ಅವನು. ಹುಟ್ಟಿ ಎಷ್ಟು ದಿನವಾಯಿತು ಅಂತ ಗೆಳತಿ ಒಮ್ಮೆ ಲೆಕ್ಕ ಹಾಕಲು ಕೂಡ ಕೂತಿದ್ದಳು, ವೃತ್ತಿಯ ಗುಣ. ಈ ಚಿತ್ರ ನೋಡಿದ ಎಷ್ಟೋ ಮಕ್ಕಳು ರಾಕ್ಷಸನ ಮೇಲೆ ಮರುಕಪಟ್ಟು ತನಗೆ ಕಾಗದ ಬರೆದಿದ್ದರು ಎಂದು ಕಾರ್ಲಾಫ್ ಮುಂದೆ ನೆನೆದಿದ್ದಾನೆ. ಓರಗೆಯವನನ್ನು ಅವು ಗುರುತಿಸಿರಬೇಕು.

ಹಾಗಾದರೆ ಕೂಸಿನಂತೆ ವರ್ತಿಸುವ ಯಾವುದಕ್ಕಾದರೂ ತಾಯ್ತನ ಏಳುತ್ತದೆಯೇ? ಅಷ್ಟೂ ಸಾಲದು ಅಂತ ನನಗನಿಸುತ್ತದೆ. ‘ಹೆತ್ತವರಿಗೆ ಹೆಗ್ಗಣ ಮುದ್ದು’ ಎಂಬ ಗಾದೆ ಇಲ್ಲಿ ತಲೆಕೆಳಗಾಗಿ ನಿಂತಿದೆ. ಇಲ್ಲಿ ಹೆತ್ತವನಿಗೇ ಅದು ಹೆಗ್ಗಣ. ಮೇರಿ ಶೆಲ್ಲಿಯ ಮೂಲ ಕಾದಂಬರಿಯಲ್ಲಿ ಇದು ಇನ್ನೂ ನಿಚ್ಚಳ: ಜೀವ ಬಂದ ರಾತ್ರಿ ಆ ಜೀವಿ ತನ್ನನ್ನು ಸೃಷ್ಟಿಸಿದ ವಿಕ್ಟರನ ಹಾಸಿಗೆಯ ಬಳಿ ಬಂದು, ಅರ್ಥವಿಲ್ಲದ ಸದ್ದು ಮಾಡುತ್ತ, ಹಲ್ಲು ಬಿಟ್ಟು, ಒಂದು ಕೈ ಚಾಚುತ್ತದೆ. ತೊಟ್ಟಿಲ ಕೂಸು ಮಾಡುವುದೂ ಇಷ್ಟೇ. ವಿಕ್ಟರ್ ಎದ್ದು ಓಡಿಹೋಗುತ್ತಾನೆ. ಹಾಗೆ ಓಡಿದವನ ಜಾಗ ಖಾಲಿ ಬಿದ್ದಿದೆ, ಕಥೆಯೊಳಗೆ ಅದನ್ನು ತುಂಬುವವರು ಯಾರೂ ಇಲ್ಲ. ನೋಡುತ್ತ ಕೂತವಳು ಒಳಗೆ ಕಾಲಿಡುತ್ತಾಳೆ. ಡ್ರಾಕುಲಾ ಯಾರ ದಾರಿಯನ್ನೂ ಕಾಯುತ್ತಿಲ್ಲ. ಏಲಿಯೆನ್ ರಾಣಿಯ ಮೊಟ್ಟೆಗಳಿಗೆ ತಾಯಿ ಇದ್ದಾಳೆ. ರಿಪ್ಲಿಯ ಮರಿಗೆ ತಾಯಿ ಇದ್ದೂ ಇಲ್ಲ. ಅದಕ್ಕೇ ಅಲ್ಲಿ ನಲ್ಲಿ ಅಷ್ಟು ಹೊತ್ತು ಹರಿದದ್ದು.

ಈ ಖಾಲಿ ಜಾಗವನ್ನು ಬರೆದವಳಿಗೆ ಅದು ಬರೀ ಕಲ್ಪನೆಯಾಗಿರಲಿಲ್ಲ. ಮೇರಿ ಶೆಲ್ಲಿ 1797ರಲ್ಲಿ ಹುಟ್ಟಿದ ಹನ್ನೊಂದನೆಯ ದಿನಕ್ಕೆ ತಾಯಿ ತೀರಿಕೊಂಡಳು. 1815ರಲ್ಲಿ, ಹದಿನೇಳರ ವಯಸ್ಸಿಗೆ, ದಿನ ತುಂಬುವ ಮೊದಲೇ ಹೆತ್ತ ಹೆಣ್ಣುಕೂಸು ಕೆಲವೇ ದಿನಗಳಲ್ಲಿ ಹೋಯಿತು. ಆ ಮಾರ್ಚ್‌ನಲ್ಲಿ ದಿನಚರಿಯಲ್ಲಿ ಒಂದು ಕನಸು ಬರೆದುಕೊಂಡಳು: ಕೂಸು ಸತ್ತಿರಲಿಲ್ಲ, ತಣ್ಣಗಾಗಿತ್ತಷ್ಟೇ, ಬೆಂಕಿಯ ಮುಂದೆ ಹಿಡಿದು ಉಜ್ಜಿದಾಗ ಬದುಕಿತು. ಮರುವರ್ಷ, 1816ರ ಬೇಸಿಗೆಯಲ್ಲಿ, ಹೆಣದ ತುಂಡುಗಳಿಗೆ ಜೀವ ಬರಿಸುವ ಈ ಕಥೆ ಶುರುಮಾಡಿದಳು. ಪುಸ್ತಕ ಬಂದದ್ದು 1818ರಲ್ಲಿ. ಗೆಳತಿಗೆ ಕನಸಿನ ವಿಷಯ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು. "ಉಜ್ಜಿದಳಂತಾ," ಅಂದಳು, ತನ್ನ ಅಂಗೈ ನೋಡಿಕೊಂಡು.

ನಾಲ್ಕನೆಯ ಶನಿವಾರ

ಮತ್ತೆ ‘ಫ್ರಾಂಕನ್‌ಸ್ಟೈನ್’, ಈ ಸಲ ಕತ್ತರಿಯಿಲ್ಲದೆ. ಹೂವು ಮುಗಿದು ಅವನು ಖಾಲಿ ಕೈ ನೋಡಿಕೊಂಡಾಗ ಅವಳು ಮುಂದಕ್ಕೆ ಬಾಗಿದಳು. ಎಸೆದ. ಆಗ ಬಂತು, ಮೊದಲ ಸಾಲಿನಲ್ಲಿ ಬರೆದ ಮಾತು. ಅದರ ಬೆನ್ನಿಗೇ "ಅಯ್ಯೋ ಮಗು" ಅಂತ ಎದ್ದು ಪಕ್ಕದ ಕೋಣೆಗೆ ಹೋದಳು. ಮಗಳ ಹೊದಿಕೆ ಸರಿಮಾಡಿ ಬಂದಳಂತೆ. ಕೂತು, ಸ್ವಲ್ಪ ನಾಚಿಕೆಯಿಂದಲೇ ಹೇಳಿದಳು: "ಹೊದಿಸ್ತಾ ಇದ್ದಾಗ ಅದಕ್ಕೂ ಒಂದು ಹೊದಿಸ್ಬೇಕಿತ್ತು ಅನ್ನಿಸ್ತು. ಪೊದೇಲಿ ಕೂತಿರತ್ತಲ್ಲ."

ಗಿರಣಿ ಉರಿಯುವಾಗ ಈ ಸಲ ದನಿ ತಗ್ಗಿಸಿದಳು. ‘ಅವನು’ ಕೊನೆಯವರೆಗೂ ಬರಲಿಲ್ಲ. ಮೊದಲ ಶನಿವಾರದ ರಿಮೋಟ್ ಮೋಸವನ್ನು ಆಗ ಒಪ್ಪಿಕೊಂಡೆ, ದಿಂಬಿನೇಟು ಬಿತ್ತು. ಎರಡು ಸಲಕ್ಕೂ ಇದ್ದ ವ್ಯತ್ಯಾಸ ಪರದೆಯ ಮೇಲಿನ ಕೆಲವೇ ಸೆಕೆಂಡು. ಎರಡನೆಯ ಸಲ ನೋಡಿದಾಗ ಯಾವ ಚಿತ್ರವೂ ಪಳಗುತ್ತದೆ, ಒಪ್ಪುತ್ತೇನೆ. ಪರೀಕ್ಷೆ ಮಾಡಿದವನು ಗೆಳೆಯ, ಪರೀಕ್ಷೆಗೊಳಗಾದವಳು ಒಬ್ಬಳೇ, ಅದನ್ನೂ ಒಪ್ಪುತ್ತೇನೆ. ಆದರೆ ಸರ್ವನಾಮವನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಅವಳ ಮೂಲ ಪ್ರಶ್ನೆ ಉಳಿದೇ ಇತ್ತು: ಇದು ತಪ್ಪಾ? ಒಂಟಿ ಕಾಯಿಲೆಯಂತೂ ಅಲ್ಲ. 1955ರ ಒಂದು ಹಾಸ್ಯಚಿತ್ರದಲ್ಲಿ ಮರ್ಲಿನ್ ಮನ್ರೋ ಪಾತ್ರ ಥಿಯೇಟರಿನಿಂದ ಹೊರಬರುತ್ತ, ಹಿಂದಿನ ವರ್ಷವಷ್ಟೇ ಬಿಡುಗಡೆಯಾಗಿದ್ದ ‘ಕ್ರೀಚರ್ ಫ್ರಮ್ ದ ಬ್ಲ್ಯಾಕ್ ಲಗೂನ್’ನ ಜಲರಾಕ್ಷಸನ ಪರ ವಾದಿಸುತ್ತದೆ: ಅವನು ಪೂರಾ ಕೆಟ್ಟವನಲ್ಲ, ಸ್ವಲ್ಪ ಪ್ರೀತಿ ಬೇಕಿತ್ತಷ್ಟೇ ಅಂತ. ಆಗಲೇ ಅದು ನೋಡುಗರಿಗೆ ಗುರುತು ಸಿಗುವ ತಮಾಷೆಯಾಗಿತ್ತು. ನನ್ನ ತಕರಾರು ಬೇರೆ. ಈ ಮರುಕ ಸಿಗುವುದು ಬಹುಪಾಲು ಗಂಡು ರಾಕ್ಷಸರಿಗೆ. ‘ಫ್ರಾಂಕನ್‌ಸ್ಟೈನ್’ನ 1935ರ ಮುಂದಿನ ಭಾಗದಲ್ಲಿ ಆ ರಾಕ್ಷಸನಿಗೆಂದು ಮಾಡಿದ ವಧುವೂ ಅಂಥದೇ ಮೇಜಿನ ಮೇಲೆ ಹುಟ್ಟುತ್ತಾಳೆ, ಅಷ್ಟೇ ಗಾಬರಿಯಲ್ಲಿ. ಅವಳು ಅವನನ್ನು ಕಂಡು ಕಿರುಚಿದಾಗ ನಮಗೆ ನೋವಾಗುವುದು ಅವನಿಗಾಗಿ. ಹುಟ್ಟಿ ಗಂಟೆಯಾಗದ ಕೂಸನ್ನು ಮದುವೆಗೆ ನಿಲ್ಲಿಸಿದ್ದಾರೆಂದು ಯಾರಿಗೂ ಹೊಳೆಯುವುದಿಲ್ಲ. ನಾನು ಹೇಳುವವರೆಗೆ ಗೆಳತಿಗೂ ಹೊಳೆದಿರಲಿಲ್ಲ, ಮತ್ತು ನನಗೆ ಹೊಳೆದದ್ದೂ ಹೋದ ವರ್ಷ.

ಇನ್ನೊಂದು ಕೇಳಿದೆ. ನಿಜವಾಗಿ ಯಾರೋ ಒಬ್ಬ ಒಂದು ಹುಡುಗಿಯನ್ನು ನೀರಿಗೆ ಎಸೆದಿದ್ದರೆ? "ಇಲ್ಲ," ಅಂದಳು, ಯೋಚಿಸದೆ. ಆಮೇಲೆ ಯೋಚಿಸಿ: "ಅಲ್ಲಿ ಖಾಲಿ ಕೈ ಯಾರೂ ತೋರ್ಸಲ್ಲ. ಕೋರ್ಟಲ್ಲಿ ‘ಗೊತ್ತಿರ್ಲಿಲ್ಲ’ ಅಂತ ಎಲ್ರೂ ಹೇಳ್ತಾರೆ. ಇಲ್ಲಿ ನಾನೇ ನೋಡಿದೀನಿ."

ಕಾಗದ ನೋಡದೆ ನಂಬದವಳು. ಕ್ಯಾಮೆರಾ ಅವಳಿಗೆ ಕಾಗದ ತೋರಿಸಿತ್ತು.

ಹೊರಡುವ ಮೊದಲು ಕೊನೆಯ ಪ್ರಶ್ನೆ ಕೇಳಿದೆ: ನೀನು ಆ ಕೊಳದ ಹತ್ರ ಇದ್ದಿದ್ರೆ ಏನು ಮಾಡ್ತಿದ್ದೆ?

"ಮೊದ್ಲು ಮಗೂನ ಎಳ್ಕೊಳ್ತಿದ್ದೆ. ನೀರು ಕಕ್ಕಿಸಿ, ಒರೆಸಿ, ಅವರಪ್ಪನ ಕೈಗೆ ಕೊಡ್ತಿದ್ದೆ. ಆಮೇಲೆ ಅದರ ಹತ್ರ ಹೋಗಿ ಎರಡೂ ಕೈ ಹಿಡ್ಕೊಂಡು, ಹೂವು ತೇಲತ್ತೆ, ಮಗು ತೇಲಲ್ಲ ಅಂತ ಹೇಳ್ತಿದ್ದೆ. ಅರ್ಥ ಆಗೋವರೆಗೂ."

"ಅಷ್ಟೇನಾ?"

ಒಂದು ಕ್ಷಣ ತಡೆದಳು. "ಇಲ್ಲ. ಒಂದು ಏಟೂ ಕೊಡ್ತಿದ್ದೆ."